ಮುದುಕಿಯರು ಹರಸಿದ ಹಂದಿ

ಹಂದಿಮಾಂಸ ತಿನ್ನಲಿಕ್ಕೆಂದೇ ಬೆಳಗಿನ ಐದು ಗಂಟೆಗೆ ಎದ್ದು, ಮಿಂದು, ಒಳ್ಳೆಯ ಸೀರೆಯುಟ್ಟು, ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಹೋದವಳು ನಾನು ಎಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಇನ್ನರ್ಧ ಜನ, ನಮ್ಮನ್ನು ಬಿಟ್ಟು ಹೋದಿರಲ್ಲ ಎಂದು ಮುನಿಸಿಕೊಳ್ಳುತ್ತಾರೆ. ನಾನು ಕೊಡಗಿನವಳು. ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿ, ಕಡಂಬುಟ್ಟು ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ ಎನ್ನುವ ಮನೆಯಲ್ಲಿ ಹುಟ್ಟಿದವಳು. ಆದ್ದರಿಂದ ತಿನ್ನದವರು ದಯವಿಟ್ಟು ಪುಟ ಮಗುಚಬೇಡಿ. ನಾನು ಹೇಳಹೊರಟಿರುವುದು ನಾಲಿಗೆಯ ಮಾತಿಗಿಂತ ಹೆಚ್ಚಾಗಿ ಕೆಲವು ಮುದುಕಿಯರ ಮಾತು.

ಮಗಳು ಕೆಲಸದ ಮೇಲೆ ಫಿಲಿಪ್ಪೀನ್ಸಿನ ಸೆಬು ಪಟ್ಟಣದಲ್ಲಿದ್ದಳು. 2024ರ ಬೇಸಿಗೆ ರಜೆಯಲ್ಲಿ ಮೂರು ವಾರ ಅವಳ ಜೊತೆ ಇದ್ದು ಬಂದೆ. ಅವಳಿಗೆ ಮಹಡಿಯ ಮೇಲೆ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ. ಎಪ್ಪತ್ತರ ಆಸುಪಾಸಿನ, ನಿವೃತ್ತಳಾದ ಶಾಲಾ ಉಪಾಧ್ಯಾಯಿನಿ. ಅಲ್ಲಿ ಟೀಚರುಗಳನ್ನು ಎಲ್ಲರೂ 'ಮ್ಯಾಮ್' ಎಂದೇ ಕರೆಯುವುದು. ಹಾಗಾಗಿ ನಾನು ಅವರಿಗೆ ಮ್ಯಾಮ್, ಅವರು ನನಗೆ ಮ್ಯಾಮ್. ಇಬ್ಬರು ಮ್ಯಾಮ್‌ಗಳು ಮೆಟ್ಟಿಲ ಮೇಲೆ ಕೂತು ಮಾತಿಗೆ ತೊಡಗಿದರೆ ಮಗಳು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ನಮ್ಮ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ನಮ್ಮದು ಬ್ರಿಟಿಷರಿಂದ ಬಂದದ್ದು, ಅವರದು ಅಮೆರಿಕನ್ನರಿಂದ. ಸ್ಪೇನಿನವರು ಮುನ್ನೂರು ಚಿಲ್ಲರೆ ವರ್ಷ ಆಳಿ 1898ರಲ್ಲಿ ಹೊರಟಮೇಲೆ ಅಮೆರಿಕನ್ನರು ಬಂದರು. 1901ರ ಆಗಸ್ಟಿನಲ್ಲಿ 'ಥಾಮಸ್' ಎಂಬ ಹಡಗು ಸುಮಾರು ಐನೂರು ಮಂದಿ ಅಮೆರಿಕನ್ ಮೇಷ್ಟರು, ಮೇಡಂಗಳನ್ನು ತಂದು ಮನಿಲಾದಲ್ಲಿ ಇಳಿಸಿತು. ಬಂದೂಕಿನ ಹಿಂದೆಯೇ ಬಳಪ! ನಮ್ಮ ಮ್ಯಾಮ್ ಅವರ ಅಜ್ಜಿ ಅಂಥ ಶಾಲೆಯಲ್ಲಿ ಕಲಿತವರಂತೆ.

ಒಂದು ಸಂಜೆ ಪಂದಿ ಕರಿಯ ವರ್ಣನೆ ಮಾಡಿದೆ. ಮ್ಯಾಮ್ ಪೂರ್ತಿ ಕೇಳಿಸಿಕೊಂಡು, ಪರೀಕ್ಷಕರ ಗತ್ತಿನಲ್ಲಿ, "ಚೆನ್ನಾಗಿದೆ. ಆದರೆ ನೀವು ಹಂದಿಯನ್ನು ತುಂಡು ಮಾಡಿಬಿಡುತ್ತೀರಲ್ಲ!" ಎಂದರು. ಆ ಭಾನುವಾರವೇ ಕಾರ್ಕಾರ್‌ಗೆ ಹೊರಡುವುದೆಂದು ತೀರ್ಮಾನವಾಯಿತು. ಅದು ಅವರ ತವರೂರು. ಅಕ್ಕ ಈಗಲೂ ಅಲ್ಲೇ ಇದ್ದಾರೆ.

ಬಸ್ಸು ಸೆಬುವಿನಿಂದ ದಕ್ಷಿಣಕ್ಕೆ ಕಡಲಂಚಿನಲ್ಲೇ ಹೋಗುತ್ತದೆ. ತಾಲಿಸಾಯ್, ಮಿಂಗ್ಲಾನಿಲ್ಯ, ನಾಗಾ, ಸಾನ್ ಫೆರ್ನಾಂಡೊ. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ. ತೆಂಗು, ಬಾಳೆ, ತಗಡಿನ ಮಾಡು. ಕಣ್ಣು ಅರ್ಧ ಮುಚ್ಚಿದರೆ ಉಡುಪಿಯಿಂದ ಕುಂದಾಪುರಕ್ಕೆ ಹೋದಂತೆ. ಕಾರ್ಕಾರ್ ಹಳೆಯ ಊರು. ನಡುವೆ ಒಂದು ವೃತ್ತ, ಹಿಂದಿನ ಶತಮಾನದ ಮರದ ಮಹಡಿ ಮನೆಗಳು, ಎರಡು ಗೋಪುರದ ಸಂತ ಕ್ಯಾಥರೀನಳ ಇಗರ್ಜಿ. ಪೂಜೆ ಮುಗಿಸಿ ಹೊರಬಂದ ಜನ ಮನೆಗೆ ಹೋಗದೆ ನೇರ ಸಂತೆಕಟ್ಟೆಗೇ ನಡೆಯುತ್ತಿದ್ದರು. ನಾವೂ ಅವರ ಹಿಂದೆ.

ಇಡೀ ಹಂದಿಯನ್ನು ಕೆಂಡದಲ್ಲಿ ಸುಡುವುದಕ್ಕೆ ಅಲ್ಲಿ ಲೆಚೊನ್ ಎಂದು ಹೆಸರು. ಸ್ಪ್ಯಾನಿಷ್‌ನಲ್ಲಿ ಲೆಚೆ ಎಂದರೆ ಹಾಲು. ಇನ್ನೂ ಹಾಲು ಕುಡಿಯುವ ಮರಿ ಲೆಚೊನ್. ಇಲ್ಲಿ ಸುಡುವುದು ಬೆಳೆದ ಹಂದಿಯನ್ನೇ, ಹೆಸರು ಮಾತ್ರ ಮರಿಯದು. ಸೆಬುವಿನವರದೇ ಹಳೆಯ ಮಾತು 'ಇನಾಸಲ್'. ಹಂದಿಯ ಹೊಟ್ಟೆ ತೊಳೆದು ಅದಕ್ಕೆ ಉಪ್ಪು, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕಟ್ಟುಕಟ್ಟಾಗಿ ಮಜ್ಜಿಗೆ ಹುಲ್ಲು ತುಂಬಿ ದಾರದಿಂದ ಹೊಲಿದು, ಬಿದಿರ ಗಳಕ್ಕೆ ಸಿಕ್ಕಿಸಿ, ಮೂರು ನಾಲ್ಕು ಗಂಟೆ ತಿರುಗಿಸುತ್ತಲೇ ಇರುತ್ತಾರೆ. ಕೆಂಡವನ್ನು ನೇರ ಹೊಟ್ಟೆಯ ಕೆಳಗೆ ಹಾಕುವುದಿಲ್ಲ, ಎರಡು ಪಕ್ಕಗಳಿಗೆ ಸರಿಸಿರುತ್ತಾರೆ. ಇಲ್ಲದಿದ್ದರೆ ಕೊಬ್ಬು ತೊಟ್ಟಿಕ್ಕಿ ಬೆಂಕಿ ಹತ್ತಿಕೊಂಡು ಚರ್ಮ ಕಪ್ಪಾಗುತ್ತದೆ. ತಿರುಗಿಸುವ ಕೈ ಒಂದು ಗಳಿಗೆ ಸೋತರೂ ಒಂದು ಕಡೆ ಗುಳ್ಳೆ ಏಳುತ್ತದೆ. ಹದವಾಗಿ ಬೆಂದ ಚರ್ಮ ಮೆರುಗೆಣ್ಣೆ ಹಚ್ಚಿದ ಚನ್ನಪಟ್ಟಣದ ಗೊಂಬೆಯ ಬಣ್ಣಕ್ಕೆ ಬರುತ್ತದೆ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುತ್ತದೆ.

ಸಂತೆಯ ಸಾಲಿನಲ್ಲಿ ಒಂದೊಂದು ಮಣೆಯ ಮೇಲೂ ಒಂದೊಂದು ಹಂದಿ. ಮಾರುವ ಹೆಂಗಸರು ಚೂರು ಚೂರು ಎತ್ತಿ, "ರುಚಿ ನೋಡಿ, ರುಚಿ ನೋಡಿ" ಎಂದು ಕೈಗೇ ಇಡುತ್ತಿದ್ದರು. ಮಗಳಂತೂ ನಾಲ್ಕು ಅಂಗಡಿಯ ರುಚಿ ನೋಡಿ ಐದನೆಯದರಲ್ಲಿ ಕೊಂಡಳು. ಹಿಂದೆ ನಿಂತ ಗಂಡಸರು ದಪ್ಪ ಕತ್ತಿಯಿಂದ ಕೊಚ್ಚಿ, ತೂಕ ಮಾಡಿ, ಹೊಟ್ಟೆಯೊಳಗಿಂದ ಇಳಿದ ರಸವನ್ನು ಮೇಲೆ ಸುರಿದು ಕೊಡುತ್ತಾರೆ. ಜೊತೆಗೆ ಪುಸೊ: ತೆಂಗಿನ ಎಳೆಗರಿಯಲ್ಲಿ ಹೆಣೆದ ಪುಟ್ಟ ಬುಟ್ಟಿಯೊಳಗೆ ಅಕ್ಕಿ ಹಾಕಿ ಬೇಯಿಸಿದ ಅನ್ನದ ಗಟ್ಟಿ. ಕರಾವಳಿಯ ಮೂಡೆ ಬಲ್ಲವರಿಗೆ ಬೇರೆ ವಿವರಣೆ ಬೇಡ. ಸೆಬುವಿನ ಇಂಥ ಅಂಗಡಿಗಳಲ್ಲಿ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತಿನ್ನುವ ಪದ್ಧತಿ. ನಾನು ಬೇಡವೆಂದು ಬರಿಗೈಯಲ್ಲೇ ತಿಂದೆ. ಚರ್ಮ ಹಪ್ಪಳದಂತೆ ಮುರಿಯಿತು. ಒಳಗಿನ ಮಾಂಸದಲ್ಲಿ ಮಜ್ಜಿಗೆ ಹುಲ್ಲಿನ ಘಮ. "ಲಾಮಿ?" ಎಂದು ಕೇಳಿದರು ಮ್ಯಾಮ್. ರುಚಿಯಾಗಿದೆಯೇ ಎಂದು ಅರ್ಥ. ಬಾಯಿ ತುಂಬಿತ್ತು, ತಲೆಯಾಡಿಸಿದೆ. ನಮ್ಮ ಕಾಚಂಪುಳಿಯ ಹುಳಿ ಇಲ್ಲದೆಯೂ ಹಂದಿ ಇಷ್ಟು ಚೆನ್ನಾಗಿರಬಹುದೆಂದು ಒಪ್ಪಿಕೊಳ್ಳಲು ನನಗೆ ಒಂದಿಷ್ಟು ಹೊತ್ತು ಬೇಕಾಯಿತು.

ಈಗ ಚರಿತ್ರೆ. ಮೂವತ್ತು ವರ್ಷ ಸಮಾಜ ಪಾಠ ಮಾಡಿದವಳಿಗೆ ಮೆಗೆಲ್ಲನ್ ಅಂದರೆ ಒಂದೂವರೆ ಸಾಲು: ಭೂಮಿಯನ್ನು ಮೊದಲು ಸುತ್ತಿದ ಯಾತ್ರೆಯ ನಾಯಕ, ಫಿಲಿಪ್ಪೀನ್ಸಿನಲ್ಲಿ ಕೊಲ್ಲಲ್ಪಟ್ಟ. ಅವನು ಪೋರ್ಚುಗೀಸನೆಂಬುದೂ, ಮುಂದೆ ಸ್ಪೇನಿನ ಪರವಾಗಿ ಹೊರಡುವ ಮೊದಲು ನಮ್ಮ ಕಡೆ ಬಂದಿದ್ದವನೆಂಬುದೂ ಪುಸ್ತಕದಲ್ಲಿರಲಿಲ್ಲ. 1505ರಲ್ಲಿ ಅಲ್ಮೇಡನ ದಂಡಿನ ಜೊತೆ ಬಂದವರಲ್ಲಿ ಅವನೂ ಒಬ್ಬ. ಆ ದಂಡು ಕಾರವಾರದ ಎದುರಿನ ಅಂಜುದೀವ್‌ನಲ್ಲಿ ಕೋಟೆ ಕಟ್ಟಿತು, ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿತು, ಕಣ್ಣೂರಿನ ಕಡಲಲ್ಲಿ ಕಾದಿತು. ನಮ್ಮ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು! ಅಲ್ಲಿಂದ ಅವನು ಮಲಾಕ್ಕಕ್ಕೆ ಹೋದ, ಅಲ್ಲಿ ಒಬ್ಬ ಮಲಯ ಹುಡುಗನನ್ನು ಗುಲಾಮನಾಗಿ ಪಡೆದ. ಹುಡುಗನಿಗೆ ಎನ್ರಿಕೆ ಎಂದು ಹೆಸರಿಟ್ಟ. 1521ರ ಮಾರ್ಚ್‌ನಲ್ಲಿ ಪೆಸಿಫಿಕ್ ದಾಟಿ ಲಿಮಸಾವ ಎಂಬ ಪುಟ್ಟ ದ್ವೀಪದ ಬಳಿ ಹಡಗು ನಿಂತಾಗ, ದೋಣಿಯಲ್ಲಿ ಬಂದವರನ್ನು ಮಾತಾಡಿಸಿದವನು ಈ ಎನ್ರಿಕೆ. ಅವನ ಮಾತು ಅವರಿಗೆ ತಿಳಿಯಿತು. ಅಲ್ಲಿಂದ ಶುರುವಾದದ್ದು ಊಟ.

ಆ ಊಟದ ಸಂಗತಿ ನಮಗೆ ಗೊತ್ತಿರುವುದು ಪಿಗಾಫೆಟ್ಟ ಎಂಬ ಇಟಲಿಯವನಿಂದ. ಯಾತ್ರೆಯಲ್ಲಿ ದಿನದಿನವೂ ಬರೆದಿಟ್ಟವನು ಅವನು. 1522ರಲ್ಲಿ ಸ್ಪೇನಿಗೆ ಮರಳಿದ ಒಂದೇ ಹಡಗಿನ ಹದಿನೆಂಟು ಮಂದಿ ಯುರೋಪಿಯನ್ನರಲ್ಲಿ ಒಬ್ಬ. ಮಾರ್ಚ್ 29, ಶುಭ ಶುಕ್ರವಾರ. ಕ್ರೈಸ್ತರು ಮಾಂಸ ಮುಟ್ಟದ ದಿನ. ಅಂದು ದ್ವೀಪದ ದೊರೆ ಇವನ ಕೈಹಿಡಿದು ಕರೆದೊಯ್ದು ದೋಣಿಯೊಂದರಲ್ಲಿ ಕೂರಿಸಿ ಹಂದಿಮಾಂಸದ ತಟ್ಟೆ ಇಟ್ಟ. ತುತ್ತಿಗೊಂದು ಬಟ್ಟಲು ಹೆಂಡ. ಬೇಡವೆನ್ನುವ ಹಾಗಿರಲಿಲ್ಲ, ತಿಂದುಬಿಟ್ಟೆ ಎಂದು ಪಿಗಾಫೆಟ್ಟ ಸಂಕೋಚದಿಂದ ಒಪ್ಪಿಕೊಂಡಿದ್ದಾನೆ. ರಾತ್ರಿಯ ಊಟಕ್ಕೆ ಮತ್ತೆ ಎರಡು ದೊಡ್ಡ ಪಿಂಗಾಣಿ ಪಾತ್ರೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ರಸದಲ್ಲಿ ಮುಳುಗಿದ ಹಂದಿಮಾಂಸ. ಎರಡು ದಿನ ಕಳೆದು ಈಸ್ಟರಿಗೆ, ಪರದೇಶದವರ ಹಬ್ಬವೆಂದು ತಿಳಿದು, ಕಡಿದ ಎರಡು ಹಂದಿಗಳನ್ನೇ ಕಳಿಸಿಕೊಟ್ಟರು. ಆ ಕಾಲದ ಯುರೋಪಿಯನ್ನರ ಬರಹಗಳಲ್ಲಿ 'ಕಾಡುಜನ' ಎನ್ನಿಸಿಕೊಂಡವರು ಅತಿಥಿಗಳ ಹಬ್ಬಕ್ಕೆ ಉಡುಗೊರೆ ಕಳಿಸುವವರಾಗಿದ್ದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೆಚೊನ್ ತಂದವರು ಸ್ಪೇನಿನವರು ಎಂದು ಹೇಳುವವರಿದ್ದಾರೆ. ಅವರು ತಂದದ್ದು ಹೆಸರು. ಹಂದಿ ಅಲ್ಲಿ ಮೊದಲೇ ಇತ್ತು. ಲುಸಾನ್ ದ್ವೀಪದಲ್ಲಿ ಅಗೆದಾಗ ಸಿಕ್ಕ ಸಾಕುಹಂದಿಯ ಎಲುಬುಗಳಿಗೆ ಸುಮಾರು ನಾಲ್ಕು ಸಾವಿರ ವರ್ಷ ವಯಸ್ಸು. ಪಿಗಾಫೆಟ್ಟ ಬರೆದುಕೊಂಡ ಶಬ್ದಪಟ್ಟಿಯಲ್ಲಿ ಹಂದಿಗೆ ಇರುವ ಮಾತು 'ಬಾಬುಯ್'. ಸಂತೆಯಲ್ಲಿ ಆ ದಿನ ನನ್ನ ಕಿವಿಗೆ ಬಿದ್ದದ್ದೂ ಅದೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಪುಟ. ಮಗಳು ಕಂಪ್ಯೂಟರಿನಲ್ಲಿ ಪಿಗಾಫೆಟ್ಟನ ಇಂಗ್ಲಿಷ್ ಅನುವಾದ ತೆಗೆದುಕೊಟ್ಟಿದ್ದಳು. ಸೆಬುವಿನಲ್ಲಿ ಹಂದಿಯನ್ನು ದೇವರಿಗೆ ಅರ್ಪಿಸುವುದನ್ನು ಅವನು ವಿವರವಾಗಿ ಬರೆದಿದ್ದಾನೆ. ಮೊದಲು ದೊಡ್ಡ ಜಾಗಟೆಗಳನ್ನು ಬಾರಿಸುತ್ತಾರೆ. ಹೂವು, ಎಲೆಯಲ್ಲಿ ಸುತ್ತಿ ಬೇಯಿಸಿದ ಅಕ್ಕಿಯ ಕಡುಬು, ಸುಟ್ಟ ಮೀನು ತಂದಿಡುತ್ತಾರೆ. ನೆಲಕ್ಕೆ ಖಂಭಾತಿನ ಬಟ್ಟೆ ಹಾಸುತ್ತಾರೆ. ನಮ್ಮ ಗುಜರಾತಿನ ಖಂಭಾತ್! ಐನೂರು ವರ್ಷದ ಹಿಂದೆ ಯಾವುದೋ ನೇಕಾರನ ಮನೆಯ ಬಟ್ಟೆ ಅಲ್ಲಿ ದೇವರ ಕಾರ್ಯಕ್ಕೆ. ಆಗ ಇಬ್ಬರು ಹಣ್ಣು ಹಣ್ಣು ಮುದುಕಿಯರು ಬಿದಿರಿನ ಕಹಳೆ ಹಿಡಿದು ಬರುತ್ತಾರೆ. ಬಟ್ಟೆಯ ಮೇಲೆ ನಿಂತು ಸೂರ್ಯನಿಗೆ ವಂದಿಸುತ್ತಾರೆ. ಕಟ್ಟಿದ ಹಂದಿಯ ಸುತ್ತ ಕುಣಿಯುತ್ತಾರೆ, ಹಂದಿಯ ಎದೆಯ ಮೇಲೆ ಹೆಂಡ ಚಿಮುಕಿಸುತ್ತಾರೆ. ಕೊನೆಗೆ ಒಬ್ಬ ಮುದುಕಿ ಈಟಿ ಹಿಡಿದು ನಾಲ್ಕೈದು ಸಲ ಬೀಸಿ, ಒಂದೇ ಏಟಿಗೆ ಗುಂಡಿಗೆಗೆ ಚುಚ್ಚುತ್ತಾಳೆ. ಇನ್ನೊಬ್ಬಳು ಕಹಳೆಯ ತುದಿಯನ್ನು ರಕ್ತದಲ್ಲಿ ಅದ್ದಿ ಸುತ್ತ ನಿಂತವರ ಹಣೆಗೆ ಇಡುತ್ತಾಳೆ. ಪರದೇಶದವರಿಗೆ ಮಾತ್ರ ಇಡಲಿಲ್ಲ. ಆಮೇಲೆ ತಂದಿಟ್ಟ ತಿನಿಸನ್ನು ಮುದುಕಿಯರು ತಿನ್ನುತ್ತಾರೆ, ಜೊತೆಗೆ ಕರೆಯುವುದು ಹೆಂಗಸರನ್ನಷ್ಟೇ. ಮುದುಕಿಯರು ಹೀಗೆ ಹರಸದ ಹಂದಿಯನ್ನು ಆ ಜನ ತಿನ್ನುತ್ತಿರಲಿಲ್ಲವಂತೆ.

ಓದಿ ಸುಮ್ಮನೆ ಕೂತೆ. ನಮ್ಮಲ್ಲಿ ಕತ್ತಿ ಗಂಡಸರದು, ಒಲೆ ಹೆಂಗಸರದು. ನಮ್ಮ ಕಡೆ ಅಜ್ಜಿಯನ್ನು 'ತಾಯಿ' ಎನ್ನುತ್ತೇವೆ. ನಮ್ಮ ತಾಯಿ ಹಿತ್ತಲಿನ ಗೂಡಿನಲ್ಲಿ ಯಾವಾಗಲೂ ಎರಡು ಹಂದಿ ಸಾಕುತ್ತಿದ್ದಳು. ಅಕ್ಕಿ ತೊಳೆದ ನೀರು, ಕೆಸುವಿನ ದಂಟು, ಮಳೆಗಾಲದಲ್ಲಿ ಕೊಳೆತ ಹಲಸಿನ ಹಣ್ಣು, ಎಲ್ಲಾ ಅವಳ ಕೈಯಿಂದಲೇ. ಕಡಿಯುವ ದಿನ ಅವಳು ಹಿತ್ತಲಿಗೆ ಬರುತ್ತಿರಲಿಲ್ಲ. ನಡುಮನೆಯಲ್ಲಿ ಕೂತು ಬೇಡದ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಆ ದಿನ ಪಂದಿ ಕರಿ ಬಡಿಸಿದರೆ, ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಪ್ರತಿ ವರ್ಷ ಅದೇ ದಿನ ಹೊಟ್ಟೆ ಸರಿಯಿಲ್ಲದಿರುವುದು ಹೇಗೆ ಎಂದು ಮಕ್ಕಳಾದ ನಮಗೆ ಹೊಳೆಯಲೇ ಇಲ್ಲ.

ಆ ಮುದುಕಿಯರಿಗೆ ಬಾಬಾಯ್ಲಾನ್ ಎಂದು ಹೆಸರು. ಮಂತ್ರ, ಮದ್ದು, ಬಾಣಂತನ ಎಲ್ಲಾ ಬಲ್ಲವರು. 1521ರ ಏಪ್ರಿಲ್‌ನಲ್ಲಿ ಮೆಗೆಲ್ಲನ್ ಸೆಬುವಿನ ದೊರೆ ಹುಮಾಬೋನನಿಗೂ ರಾಣಿಗೂ ಜ್ಞಾನಸ್ನಾನ ಮಾಡಿಸಿದ. ರಾಣಿ ಅತ್ತು ಬೇಡಿ ಬಾಲಯೇಸುವಿನ ಒಂದು ಮರದ ಮೂರ್ತಿ ಪಡೆದಳು. ಅದು ಇಂದಿಗೂ ಸೆಬುವಿನ ಇಗರ್ಜಿಯಲ್ಲಿದೆ. ನಾನೂ ಸಾಲಿನಲ್ಲಿ ನಿಂತು ನೋಡಿ ಬಂದೆ. ಅದೇ ತಿಂಗಳ 27ರಂದು ಎದುರಿನ ಮಾಕ್ತಾನ್ ದ್ವೀಪದಲ್ಲಿ ಲಾಪುಲಾಪುವಿನ ಜನ ಮೆಗೆಲ್ಲನ್‌ನನ್ನು ಕೊಂದರು. ನಲವತ್ತನಾಲ್ಕು ವರ್ಷ ಕಳೆದು, 1565ರಲ್ಲಿ ಸ್ಪೇನಿನವರು ಮತ್ತೆ ಬಂದರು, ಈ ಸಲ ಉಳಿಯಲಿಕ್ಕೆ. ಬಾಬಾಯ್ಲಾನ್‌ರನ್ನು ಪಾದ್ರಿಗಳು ಮಾಟಗಾತಿಯರು, ಸೈತಾನನ ಚೇಲಿಯರು ಎಂದರು. ಹಂದಿ ಉಳಿಯಿತು, ಕಡುಬು ಉಳಿಯಿತು, ಹಬ್ಬವೂ ಸಂತರ ಹೆಸರಿನಲ್ಲಿ ಉಳಿಯಿತು. ಈಟಿ ಮಾತ್ರ ಮುದುಕಿಯರ ಕೈತಪ್ಪಿತು.

ಇದನ್ನೆಲ್ಲ ಸಂತೆಯ ಬೆಂಚಿನ ಮೇಲೆ ಮ್ಯಾಮ್ ಅವರಿಗೆ ಹೇಳಿದೆ. ಅವರ ದೇಶದ ಕಥೆಯನ್ನು ಅವರಿಗೇ ಹೇಳುವ ಅಧಿಕಪ್ರಸಂಗ ನೋಡಿ! ಅವರು ಎಲುಬೊಂದನ್ನು ಚೀಪುತ್ತ, "ಗೊತ್ತು ಮ್ಯಾಮ್. ಮೆಗೆಲ್ಲನ್ ಪಾಠ ಮಾಡುತ್ತಿದ್ದೆ, ಲಾಪುಲಾಪು ಪಾಠ ಮಾಡುತ್ತಿದ್ದೆ. ಮುದುಕಿಯರನ್ನು ಬಿಟ್ಟುಬಿಡುತ್ತಿದ್ದೆ. ಪರೀಕ್ಷೆಗೆ ಬರುತ್ತಿರಲಿಲ್ಲ" ಎಂದರು. ನಾನು ಬಿಟ್ಟ ಪಾಠಗಳೆಷ್ಟು ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ. ಎಣಿಕೆ ಮುಗಿಯುವ ಮೊದಲೇ ಮಗಳು, "ಅವ್ವ, ಸಾಕು, ಕೈ ತೊಳಿ" ಎಂದಳು.

ಅಲ್ಲಿಂದ ಅಕ್ಕನ ಮನೆಗೆ ಹೋದೆವು. ಬಾಗಿಲಲ್ಲೇ "ದಾಯೊನ್, ದಾಯೊನ್" ಎಂದು ಒಳಗೆ ಕರೆದರು. ಎಂಬತ್ತರ ಹತ್ತಿರದ, ಬಾಗಿದ ಬೆನ್ನಿನ ಹೆಂಗಸು. ಹಿತ್ತಲಿನಲ್ಲಿ ಸಿಮೆಂಟಿನ ಹಂದಿಗೂಡು, ಎರಡು ಅಂಕಣದ್ದು. ಒಂದರಲ್ಲಿ ಬಟ್ಟೆ ಒಣಹಾಕಿದ್ದರು, ಇನ್ನೊಂದರಲ್ಲಿ ಹೂವಿನ ಕುಂಡ. ಅವರ ತಾಯಿಯ ಕಾಲದಿಂದ ಆ ಗೂಡು ಬರಿದಾದದ್ದಿಲ್ಲವಂತೆ. ಫಿಲಿಪ್ಪೀನ್ಸಿನ ಹಳ್ಳಿಗಳಲ್ಲಿ ಹಿತ್ತಲ ಹಂದಿ ಹೆಂಗಸಿನ ಹುಂಡಿ. ಗಂಡ ತಂದ ದುಡ್ಡು ಅಕ್ಕಿಗೆ, ಹಂದಿಯ ದುಡ್ಡು ಶಾಲೆಗೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಒಂದನ್ನು ಮಾರಿದರೆ ಫೀಸು ಆಯಿತು. ನಮ್ಮ ಮ್ಯಾಮ್ ಟೀಚರ್ ಕಾಲೇಜು ಮುಗಿಸಿದ್ದು ಹಾಗೆ. "ನನ್ನ ಡಿಗ್ರಿ ಎಂದರೆ ನಾಲ್ಕು ಹಂದಿ" ಎಂದು ನಕ್ಕರು. ಅಕ್ಕ ನಗಲಿಲ್ಲ. ಆಕೆಯನ್ನು ಓದಿಸಲು ಹಂದಿ ಸಾಲಲಿಲ್ಲವೆಂದು ಆಮೇಲೆ ತಿಳಿಯಿತು.

ಗೂಡು ಬರಿದಾದದ್ದು ಹೇಗೆಂದರೆ ಆಫ್ರಿಕನ್ ಹಂದಿ ಜ್ವರದಿಂದ. ಮನುಷ್ಯರಿಗೆ ತಗಲುವುದಿಲ್ಲ, ಆದರೆ ಹಂದಿಗೆ ತಗಲಿದರೆ ಉಳಿಯುವುದು ಅಪರೂಪ. 2019ರಲ್ಲಿ ಅದು ಫಿಲಿಪ್ಪೀನ್ಸಿಗೆ ಕಾಲಿಟ್ಟಿತು. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕೆಂದು ಸರಕಾರ ನಿಯಮ ಮಾಡಿತು. 2021ರ ಫೆಬ್ರವರಿಯ ಹೊತ್ತಿಗೆ ಮನಿಲಾದಲ್ಲಿ ಹಂದಿಮಾಂಸದ ಬೆಲೆ ಏರಿ, ಕಿಲೋಗೆ 270, 300 ಪೆಸೊ ಮೀರಬಾರದೆಂದು ಕಟ್ಟು ಹಾಕಬೇಕಾಯಿತು. ಸೆಬು ದ್ವೀಪದವರು ಹೊರಗಿನ ಮಾಂಸ ತಡೆದು ಬಹುಕಾಲ ಉಳಿಸಿಕೊಂಡರು. 2023ರ ಮಾರ್ಚ್‌ನಲ್ಲಿ ರೋಗ ಆ ದ್ವೀಪದಲ್ಲಿ ಮೊದಲು ಸಿಕ್ಕಿದ್ದು ಈ ಕಾರ್ಕಾರ್‌ನಲ್ಲೇ. ನಮ್ಮ ಪಕ್ಕದ ವಯನಾಡಿಗೂ 2022ರ ಜುಲೈಯಲ್ಲಿ ಅದೇ ಜ್ವರ ಬಂದು ನೂರಾರು ಹಂದಿಗಳನ್ನು ಕೊಂದಿದ್ದರು. ಆಗ ಕೊಡಗಿನಲ್ಲಿ ನಾವು ಪಟ್ಟ ದಿಗಿಲು ನನಗೆ ನೆನಪಿತ್ತು. ಅಕ್ಕ, ರೋಗ ಬರುವುದಕ್ಕೂ ಕಾಯಲಿಲ್ಲ. ಹೆದರಿ, ಸಿಕ್ಕ ಬೆಲೆಗೆ ಮೂರು ಹಂದಿಗಳನ್ನು ಮಾರಿದರು. ಆಮೇಲೆ ಮತ್ತೆ ಮರಿ ತರಲು ಕೈಯಲ್ಲಿ ದುಡ್ಡೂ ಇಲ್ಲ, ಧೈರ್ಯವೂ ಇಲ್ಲ.

ನಾವು ತಂದಿದ್ದ ಪೊಟ್ಟಣ ಬಿಚ್ಚಿ ಮ್ಯಾಮ್ ಅಕ್ಕನ ತಟ್ಟೆಗೆ ಬಡಿಸಿದರು. ಅಕ್ಕ ಕಣ್ಣು ಕಿರಿದು ಮಾಡಿ ತಂಗಿಯನ್ನು ಏನೋ ಕೇಳಿದರು. ಮ್ಯಾಮ್ ಉತ್ತರ ಹೇಳಿದಮೇಲೆಯೇ ಕೈ ಹಾಕಿದ್ದು. ಏನು ಕೇಳಿದ್ದು ಎಂದೆ. "ಯಾರ ಮನೆಯ ಹಂದಿ ಎಂದು. ತಾನು ಸಾಕಿದ್ದನ್ನು ಅವಳು ಎಂದೂ ತಿಂದಿಲ್ಲ. ಗೂಡು ಬರಿದಾಗಿ ವರ್ಷವಾದರೂ ಕೇಳುವುದು ಬಿಟ್ಟಿಲ್ಲ" ಎಂದರು. ನಾನು ಎದ್ದು ಹಿತ್ತಲಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನು ಸುಮ್ಮನೆ ಮಡಿಸತೊಡಗಿದೆ. ನನಗೂ ಬೇಡದ ಕೆಲಸ ಬೇಕಿತ್ತು.

ಸಂಜೆ ಹೊರಡುವಾಗ ಅಕ್ಕ ಊರಿನ ಅಂಪಾವ್ ಕಟ್ಟಿಕೊಟ್ಟರು. ನಮ್ಮ ಪುರಿ ಉಂಡೆಯನ್ನು ಚೌಕ ಮಾಡಿದಂತಿರುತ್ತದೆ. ಮಿಕ್ಕ ಲೆಚೊನ್ ನಮ್ಮ ಜೊತೆ ಬಂತು. ಉಳಿದ ಲೆಚೊನನ್ನು ಮರುದಿನ ವಿನೆಗರ್, ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸುವುದು ಅಲ್ಲಿನ ವಾಡಿಕೆ, ಪಾಕ್ಸಿವ್ ಎನ್ನುತ್ತಾರೆ. ಸೋಮವಾರ ಮ್ಯಾಮ್ ಅವರ ಅಡುಗೆಮನೆಯಲ್ಲಿ ಆ ಪಾತ್ರೆ ಒಲೆಯ ಮೇಲಿದ್ದಾಗ, ಮಗಳಿಗೆಂದು ತಂದಿದ್ದ ಕಾಚಂಪುಳಿಯ ಶೀಷೆ ತಂದು, ವಿನೆಗರ್ ಹಾಕುವ ಮೊದಲು ಇದನ್ನು ಅರ್ಧ ಚಮಚ ಹಾಕಿ ನೋಡಿ ಎಂದೆ. ಕಪ್ಪಗೆ ಕೀಲೆಣ್ಣೆಯಂತಿದ್ದ ಅದನ್ನು ಅನುಮಾನದಿಂದ ಮೂಸಿ, ಹಾಕಿ, ರುಚಿ ನೋಡಿದರು. ಮುಖ ಬೇರೆಯಾಯಿತು. ಅವರ ತಾಯಿ ನೆಗ್ರೋಸ್ ದ್ವೀಪದವರು. ಆ ಕಡೆ ಹುಳಿಗೆ ಬತುವಾನ್ ಎಂಬ ಕಾಯಿ ಹಾಕುತ್ತಾರೆ. ಆ ಮರವೂ ನಮ್ಮ ಪಣಪುಳಿಯೂ ಒಂದೇ ಕುಲದವು, ಪುನರ್ಪುಳಿಯ ದಾಯಾದಿಗಳು. ಅಮ್ಮ ಹೋದಮೇಲೆ ಮನೆಯಲ್ಲಿ ಯಾರೂ ಆ ಹುಳಿ ಹಾಕಿರಲಿಲ್ಲವಂತೆ.

ಮ್ಯಾಮ್ ಸೌಟಿನಲ್ಲಿ ಇನ್ನೊಂದಿಷ್ಟು ತೆಗೆದು ಕುಡಿದು, ಮಗಳ ಕಡೆ ತಿರುಗಿ, ಆ ಶೀಷೆ ಮಹಡಿಗೆ ಹೋಗುವುದು ಬೇಡ, ಇಲ್ಲೇ ಇರಲಿ ಎಂದರು.